ನಡುಮನೆಯಲ್ಲಿ ಕೂತ ರಾತ್ರಿ



2025ರ ನವೆಂಬರ್ 2, ಭಾನುವಾರ. ರಾಜ್ಯೋತ್ಸವದ ಮಾರನೆಯ ದಿನ. ನಾನು ಮಾಯಸಂದ್ರದ ತವರುಮನೆಯಲ್ಲಿದ್ದೆ. ಅಂದು ತುಳಸಿ ಹಬ್ಬ. ಸಂಜೆ ಅಮ್ಮ, ಅತ್ತಿಗೆ ಸೇರಿ ಅಂಗಳದ ತುಳಸಿ ಕಟ್ಟೆ ತೊಳೆದು, ರಂಗೋಲಿ ಇಟ್ಟು, ನೆಲ್ಲಿಯ ಕೊಂಬೆ ನೆಟ್ಟರು. "ತುಳಸಮ್ಮನ ಮದುವೆ ಎಷ್ಟು ಸಲೀಸು ನೋಡು. ಒಂದು ನೆಲ್ಲಿ ಕೊಂಬೆ ಸಾಕು. ಗಂಡಿನ ಕಡೆಯೋರು ಬೈಕು ಕೇಳಲ್ಲ, ಚಿನ್ನ ಕೇಳಲ್ಲ" ಎಂದು ಅಮ್ಮ ನಕ್ಕರು. ದೀಪ ಹಚ್ಚುವ ಹೊತ್ತಿಗೆ ಅಣ್ಣನ ಮಗಳು ಒಳಗಿನಿಂದ ಓಡಿ ಬಂದಳು. "ಅತ್ತೆ, ನೂರಾಯ್ತು! ಒಂದು ವಿಕೆಟ್ಟೂ ಹೋಗಿಲ್ಲ, ಬಾ!"

ಅಂದು ನವಿ ಮುಂಬೈಯ ಡಿ.ವೈ. ಪಾಟೀಲ್ ಕ್ರೀಡಾಂಗಣದಲ್ಲಿ ಮಹಿಳೆಯರ ವಿಶ್ವಕಪ್ ಕ್ರಿಕೆಟ್‌ನ ಅಂತಿಮ ಪಂದ್ಯ. ಭಾರತದ ಎದುರು ದಕ್ಷಿಣ ಆಫ್ರಿಕಾ. ಈ ವಿಶ್ವಕಪ್ಪಿನ ಕೆಲವು ಪಂದ್ಯಗಳು ನಮ್ಮ ಬೆಂಗಳೂರಿನಲ್ಲೇ ನಡೆಯಬೇಕಿತ್ತು. ಜೂನ್ 4ರಂದು ಚಿನ್ನಸ್ವಾಮಿ ಕ್ರೀಡಾಂಗಣದ ಹೊರಗೆ ಕಾಲ್ತುಳಿತವಾಗಿ 11 ಜನ ಪ್ರಾಣ ಕಳೆದುಕೊಂಡ ಮೇಲೆ ಅವು ಬೆಂಗಳೂರಿನ ಕೈತಪ್ಪಿದವು. ಮೂರು ಗಂಟೆಗೆ ಶುರುವಾಗಬೇಕಿದ್ದ ಆಟ ಅಲ್ಲಿಯ ಮಳೆಯಿಂದಾಗಿ ಐದಕ್ಕೆ ಶುರುವಾಯಿತು. ಮುಗಿದದ್ದು ನಡುರಾತ್ರಿ. ಮೈದಾನದಲ್ಲಿ ನಡೆದದ್ದನ್ನು ಪತ್ರಿಕೆಗಳೆಲ್ಲ ಬರೆದಿವೆ. ಆ ಏಳು ಗಂಟೆ ನಮ್ಮ ಮನೆಯೊಳಗೆ ನಡೆದದ್ದನ್ನು ನಾವಲ್ಲದೆ ಬೇರೆ ಯಾರು ಬರೆಯಬೇಕು?

ನಮ್ಮ ಮನೆಗೆ ಕ್ರಿಕೆಟ್ ಹೊಸದಲ್ಲ. ಅಪ್ಪ ಇದ್ದಾಗ ರೇಡಿಯೊ, ಆಮೇಲೆ ಟೀವಿ. ಪಂದ್ಯವಿದ್ದ ದಿನ ನಡುಮನೆ ಗಂಡಸರದು. ಅಕ್ಕಪಕ್ಕದ ಮನೆಯವರೂ ಬಂದು ಸೇರುತ್ತಿದ್ದರು. ಹೆಂಗಸರಾದ ನಾವು ಅಡುಗೆಮನೆಯಲ್ಲಿದ್ದುಕೊಂಡು ಗೋಡೆಯಾಚೆಯ ಸದ್ದಿನಲ್ಲೇ ಪಂದ್ಯ ತಿಳಿಯುತ್ತಿದ್ದೆವು. 'ಹೋ' ಎಂದರೆ ನಮ್ಮವರು ಹೊಡೆದರು, 'ಥೂ' ಎಂದರೆ ಔಟಾದರು. 2011ರ ಏಪ್ರಿಲ್ 2ರಂದು ಭಾರತದ ಪುರುಷರ ತಂಡ ಶ್ರೀಲಂಕಾವನ್ನು ಸೋಲಿಸಿ ವಿಶ್ವಕಪ್ ಗೆದ್ದಿತಲ್ಲ, ಆ ರಾತ್ರಿಯ ಬಗ್ಗೆ ಅಮ್ಮನಿಗೆ ನೆನಪಿರುವುದು ಎರಡೇ ಸಂಗತಿ. ಐದು ಸಲ ಟೀ ಕಾಯಿಸಿದ್ದು, ಹಾಲು ಮುಗಿದು ಪಕ್ಕದ ಮನೆಯಿಂದ ತಂದದ್ದು. ಯಾರು ಕೊನೆಯ ಸಿಕ್ಸರ್ ಹೊಡೆದರೆಂದು ಇಡೀ ದೇಶಕ್ಕೆ ಗೊತ್ತು. ಅದೇ ಮನೆಯಲ್ಲಿದ್ದ ಅಮ್ಮ ಅದನ್ನು ನೋಡಿರಲಿಲ್ಲ. ಆಗ ಆಕೆ ಲೋಟ ತೊಳೆಯುತ್ತಿದ್ದರು.

ಈ ಸಲ ರಿಮೋಟು ಅಣ್ಣನ ಮಗಳ ಕೈಯಲ್ಲಿತ್ತು. ಎಂಟನೇ ತರಗತಿಯ ಹುಡುಗಿ, ಶಾಲೆಯ ಖೋ ಖೋ ತಂಡದಲ್ಲಿದ್ದಾಳೆ. "ಹೆಣ್ಮಕ್ಕಳ ಕ್ರಿಕೆಟ್ಟಲ್ಲಿ ಏನೈತೆ ನೋಡೋಕೆ" ಎಂದು ಅಣ್ಣ ಜಗಲಿಯ ಮೇಲೇ ಕೂತಿದ್ದ. ಶೆಫಾಲಿ ವರ್ಮಾ ಚೆಂಡನ್ನು ಗಾಳಿಗೆ ಎತ್ತಿ ಹೊಡೆದಾಗ ಮಕ್ಕಳಿಬ್ಬರೂ ಕಿರುಚಿದರು. ಅಣ್ಣ ಬಾಗಿಲಿಗೆ ಬಂದು ನಿಂತ. ಹತ್ತು ನಿಮಿಷ ನಿಂತೇ ನೋಡಿದ. ಆಮೇಲೆ ಒಳಗೆ ಬಂದು ಕುರ್ಚಿ ಎಳೆದುಕೊಂಡ. ಶೆಫಾಲಿ 87ಕ್ಕೆ ಔಟಾದಾಗ "ಅಯ್ಯೋ, ನೂರು ಹೊಡೀಬೇಕಿತ್ತು ಮಗು" ಎಂದು ಎಲ್ಲರಿಗಿಂತ ಜೋರಾಗಿ ಅಂದವನು ಅವನೇ.

ಭಾರತ 7 ವಿಕೆಟ್‌ಗೆ 298 ರನ್ ಮಾಡಿತು. ನಡುವೆ ಊಟ. ಅತ್ತಿಗೆ ಬಡಿಸಿ, ಕೊನೆಗೆ ತಾನು ಉಂಡು, ಪಾತ್ರೆ ಬೆಳಗಲು ಎದ್ದಳು. ಅಷ್ಟರಲ್ಲಿ ದಕ್ಷಿಣ ಆಫ್ರಿಕಾದ ಆಟ ಶುರುವಾಗಿ ಸ್ವಲ್ಪ ಹೊತ್ತಾಗಿತ್ತು. ಅವಳು ನಡುಮನೆಗೆ ಬಂದು ಕೂತ ಹೊತ್ತಿಗೇ ಒಂದು ವಿಕೆಟ್ ಬಿತ್ತು. ಮಗಳಿಗೆ ಅಷ್ಟೇ ಸಾಕಾಯಿತು. "ಅಮ್ಮ, ನೀನು ಕೂತಿದ್ದಕ್ಕೇ ಔಟಾಗಿದ್ದು. ಇನ್ನು ಮ್ಯಾಚ್ ಮುಗಿಯೋವರೆಗೂ ಏಳ್ಬೇಡ!" ಎಂದು ತಾಯಿಯ ಸೆರಗು ಹಿಡಿದು ಕೂರಿಸಿದಳು. ಅತ್ತಿಗೆ ನಕ್ಕಳು, ಕೂತಳು. ಮದುವೆಯಾಗಿ ಹದಿನೆಂಟು ವರ್ಷ. ಆ ನಡುಮನೆಯಲ್ಲಿ ಮೂರು ಗಂಟೆ ಒಂದೇ ಕಡೆ ಸುಮ್ಮನೆ ಕೂತದ್ದು ಅಂದೇ ಮೊದಲು ಎಂದು ಆಮೇಲೆ ನನ್ನೊಡನೆ ಹೇಳಿದಳು.

ಹತ್ತು ಗಂಟೆಯ ಹೊತ್ತಿಗೆ ಅಣ್ಣ ಅಭ್ಯಾಸದಂತೆ ಅಡುಗೆಮನೆಯ ಕಡೆ ನೋಡಿದ. ಟೀ ಬೇಕಿತ್ತು. ಅತ್ತಿಗೆ ಏಳುವಂತಿಲ್ಲ, ಎದ್ದರೆ ಶಕುನ ಕೆಡುತ್ತದೆ. ಅಮ್ಮ ಕಣ್ಣು ಕೀಳದೆ ನೋಡುತ್ತಿದ್ದರು. ನಾನೂ ಏಳಲಿಲ್ಲ. ಸ್ವಲ್ಪ ಹೊತ್ತು ಕಾದು ಅವನೇ ಎದ್ದು ಹೋಗಿ ಆರು ಲೋಟ ಟೀ ಕಾಯಿಸಿಕೊಂಡು ಬಂದ. ಸಕ್ಕರೆ ಜಾಸ್ತಿಯಾಗಿತ್ತು. ಯಾರೂ ಹೇಳಲಿಲ್ಲ.

ಆಚೆ ಕಡೆಯ ನಾಯಕಿ ಲಾರಾ ವೋಲ್ವಾರ್ಟ್ ನೂರು ದಾಟಿ ಆಡುತ್ತಿದ್ದಾಗ ಎಲ್ಲರ ಎದೆಯೂ ಡವಗುಟ್ಟುತ್ತಿತ್ತು. ಆಕೆ ಹೊಡೆದ ಚೆಂಡು ಮೇಲೆ ಹೋಯಿತು. ಅಮನ್‌ಜೋತ್ ಕೌರ್ ಓಡಿ ಬಂದು ಹಿಡಿದರೆ ಕೈಯಿಂದ ಜಾರಿತು, ಮತ್ತೆ ಜಾರಿತು. "ಬಿಡಬ್ಯಾಡ ಕಣವ್ವ, ಬಿಡಬ್ಯಾಡ!" ಎಂದು ಅಮ್ಮ ಕೂಗಿದರು. ಅವಳು ಬಿಡಲಿಲ್ಲ. ದೀಪ್ತಿ ಶರ್ಮಾ ಬ್ಯಾಟಿಂಗ್‌ನಲ್ಲಿ 58 ರನ್ ಮಾಡಿದ್ದಲ್ಲದೆ 5 ವಿಕೆಟ್ ಕಿತ್ತರು. 246ಕ್ಕೆ ಎಲ್ಲರೂ ಔಟ್. 52 ರನ್‌ಗಳ ಗೆಲುವು. ಕೊನೆಯ ಚೆಂಡನ್ನು ನಾಯಕಿ ಹರ್ಮನ್‌ಪ್ರೀತ್ ಕೌರ್ ಹಿಂದಕ್ಕೆ ಓಡಿ ಹಿಡಿದಾಗ ನಮ್ಮ ಬೀದಿಯಲ್ಲೂ ಪಟಾಕಿ ಸದ್ದಾಯಿತು. ಮೈದಾನದಲ್ಲಿ ಅಳುತ್ತಾ ತಬ್ಬಿಕೊಳ್ಳುತ್ತಿದ್ದ ಆ ಹೆಣ್ಣುಮಕ್ಕಳನ್ನು ನೋಡಿ ಅಮ್ಮ ಕೇಳಿದ್ದು ಒಂದೇ ಮಾತು: "ಇವರ ತಾಯಂದಿರು ಎಲ್ಲವ್ರೆ?"

ಗೆಳತಿಯರೇ, ಅಮ್ಮನ ಪ್ರಶ್ನೆ ಸರಿಯಾದ ಪ್ರಶ್ನೆ. ಯಾವ ಹುಡುಗಿಯೂ ಒಂಟಿಯಾಗಿ ಆ ಮೈದಾನ ತಲುಪಿಲ್ಲ. ಹಿಮಾಚಲ ಪ್ರದೇಶದ ರೇಣುಕಾ ಸಿಂಗ್ ಠಾಕೂರ್ ಮೂರು ವರ್ಷದ ಮಗುವಾಗಿದ್ದಾಗಲೇ ತಂದೆ ತೀರಿಕೊಂಡರು. ತಾಯಿ ಸರ್ಕಾರಿ ಇಲಾಖೆಯೊಂದರಲ್ಲಿ ನಾಲ್ಕನೇ ದರ್ಜೆಯ ನೌಕರಿ ಮಾಡಿ ಮಗಳನ್ನು ಆಟಕ್ಕೆ ಕಳಿಸಿದರು. ಅಮನ್‌ಜೋತ್ ಅವರ ತಂದೆ ಬಡಗಿ. ಮಗಳ ಮೊದಲ ಬ್ಯಾಟನ್ನು ಅವರೇ ಕೆತ್ತಿ ಕೊಟ್ಟರು. ಹರಿಯಾಣದ ಶೆಫಾಲಿ ಚಿಕ್ಕವಳಿದ್ದಾಗ ಹುಡುಗಿಯರಿಗೆ ಆಡಲು ಜಾಗವಿಲ್ಲದೆ ಕೂದಲು ಕತ್ತರಿಸಿಕೊಂಡು ಹುಡುಗನ ವೇಷದಲ್ಲಿ ಆಡಿದವಳು. ಈ ವಿಶ್ವಕಪ್ಪಿನ ಮೊದಲ ಆಯ್ಕೆಯಲ್ಲಿ ಅವಳ ಹೆಸರೇ ಇರಲಿಲ್ಲ. ಬೇರೊಬ್ಬ ಆಟಗಾರ್ತಿ ಗಾಯಗೊಂಡಾಗ ಕೊನೆಯ ಗಳಿಗೆಯಲ್ಲಿ ಕರೆ ಬಂತು.

ಇನ್ನೊಂದು ಸಂಗತಿಯನ್ನೂ ಮರೆಯಬಾರದು. ಇದೇ ತಂಡ ಅಕ್ಟೋಬರ್‌ನಲ್ಲಿ ದಕ್ಷಿಣ ಆಫ್ರಿಕಾ, ಆಸ್ಟ್ರೇಲಿಯಾ, ಇಂಗ್ಲೆಂಡ್ ಕೈಯಲ್ಲಿ ಒಂದರ ಮೇಲೊಂದು ಮೂರು ಪಂದ್ಯ ಸೋತಿತ್ತು. ಇವರನ್ನು ಅಡುಗೆಮನೆಗೆ ಕಳಿಸಿ ಎಂದು ನಮ್ಮ ಬೀದಿಯ ಹುಡುಗರೂ ಆಡಿಕೊಂಡಿದ್ದರು. ಸೆಮಿಫೈನಲ್‌ನಲ್ಲಿ ಆಸ್ಟ್ರೇಲಿಯಾ ಕೊಟ್ಟ 339 ರನ್‌ಗಳ ಗುರಿಯನ್ನು ದಾಟಿಸಿದ್ದು ಜೆಮಿಮಾ ರೋಡ್ರಿಗಸ್ ಅವರ ಅಜೇಯ 127. ಆ ಪಂದ್ಯ ಗೆದ್ದ ಮೇಲೆ ಆಕೆ, ಈ ಟೂರ್ನಿಯುದ್ದಕ್ಕೂ ಆತಂಕದಿಂದ ಹೆಚ್ಚುಕಡಿಮೆ ದಿನವೂ ಅತ್ತಿದ್ದೇನೆ ಎಂದು ಎಲ್ಲರೆದುರು ಹೇಳಿಕೊಂಡರು. ಅಳುವುದು ಸೋಲಲ್ಲ, ಅತ್ತದ್ದನ್ನು ಹೇಳಿಕೊಳ್ಳುವುದು ನಾಚಿಕೆಯೂ ಅಲ್ಲ. ಬಾಯಿ ಕಟ್ಟಿಕೊಂಡು ನೋವು ನುಂಗುವುದೇ ಹೆಣ್ಣಿನ ಗುಣವೆಂದು ಕಲಿತು ಬಂದ ನಮಗೆ ಆ ಮಾತು ದೊಡ್ಡದು.

ಈ ಗೆಲುವಿನ ಹಿಂದೆ ಐವತ್ತು ವರ್ಷದ ದಾರಿ ಇದೆ. ಮಹಿಳೆಯರ ಮೊದಲ ವಿಶ್ವಕಪ್ ನಡೆದದ್ದು 1973ರಲ್ಲಿ, ಪುರುಷರ ವಿಶ್ವಕಪ್‌ಗಿಂತ ಎರಡು ವರ್ಷ ಮೊದಲು. ನಮ್ಮಲ್ಲಿ ಎಷ್ಟು ಜನಕ್ಕೆ ಇದು ಗೊತ್ತಿತ್ತು? 1976ರಲ್ಲಿ ಭಾರತದ ಮಹಿಳಾ ತಂಡ ಮೊದಲ ಟೆಸ್ಟ್ ಸರಣಿ ಆಡಿದಾಗ ಅದರ ನಾಯಕಿ ನಮ್ಮ ಬೆಂಗಳೂರಿನ ಶಾಂತಾ ರಂಗಸ್ವಾಮಿ. ಅದೇ ವರ್ಷ ಪಟ್ನಾದಲ್ಲಿ ವೆಸ್ಟ್ ಇಂಡೀಸನ್ನು ಸೋಲಿಸಿ ಮೊದಲ ಟೆಸ್ಟ್ ಗೆಲುವು ತಂದರು. ಕಾಯ್ದಿರಿಸದ ರೈಲು ಡಬ್ಬಿಯಲ್ಲಿ ಪ್ರಯಾಣ, ನೆಲದ ಮೇಲೆ ಮಲಗುವುದು, ಇದು ಆ ಕಾಲದ ಆಟಗಾರ್ತಿಯರ ಬದುಕು. 2006ರವರೆಗೆ ಭಾರತೀಯ ಕ್ರಿಕೆಟ್ ಮಂಡಳಿ ಮಹಿಳೆಯರ ಆಟವನ್ನು ತನ್ನದೆಂದು ತೆಗೆದುಕೊಂಡಿರಲಿಲ್ಲ. ಗಂಡಸರಿಗೂ ಹೆಂಗಸರಿಗೂ ಪಂದ್ಯಕ್ಕೆ ಒಂದೇ ಸಂಭಾವನೆ ಎಂದು ಘೋಷಿಸಿದ್ದು 2022ರ ಅಕ್ಟೋಬರ್‌ನಲ್ಲಿ. ಈ ಗೆಲುವಿಗೆ ಮಂಡಳಿ 51 ಕೋಟಿ ರೂಪಾಯಿ ಬಹುಮಾನ ಕೊಟ್ಟಿತು.

ಸಮಾನ ವೇತನದ ಕಾಯ್ದೆ ಈ ದೇಶದಲ್ಲಿ ಬಂದದ್ದೂ ಶಾಂತಾ ಅವರು ಪಟ್ನಾದಲ್ಲಿ ಗೆದ್ದ ಆ 1976ರಲ್ಲೇ. ನಮ್ಮ ತೆಂಗಿನ ಸೀಮೆಯಲ್ಲಿ ಕಾಯಿ ಸುಲಿಯುವ ಗಂಡಾಳಿಗೊಂದು ಕೂಲಿ, ಚಿಪ್ಪು ಒಡೆದು ಕೊಬ್ಬರಿ ಬಿಡಿಸುವ ಹೆಣ್ಣಾಳಿಗೊಂದು ಕೂಲಿ ಇನ್ನೂ ಇದೆ. ಮೈದಾನದಲ್ಲಿ ಆದದ್ದು ಕಣದಲ್ಲಿ, ತೋಟದಲ್ಲಿ ಯಾಕಾಗಬಾರದು ಎಂದು ನಮ್ಮ ಸಂಘಗಳು ಕೇಳಬೇಕಾಗಿದೆ.

"ಅವರೆಲ್ಲ ಮುಂಬೈ, ದೆಹಲಿ ಕಡೆಯೋರು. ನಮ್ಮ ಹಳ್ಳಿ ಹೆಣ್ಮಕ್ಕಳಿಗೆ ಎಲ್ಲಾಗುತ್ತೆ?" ಇದು ಅತ್ತಿಗೆಯ ಮಾತು, ನಿಮ್ಮಲ್ಲಿ ಹಲವರ ಮಾತೂ ಇರಬಹುದು. ತಿಪಟೂರಿನಲ್ಲಿ ರೈಲು ಹತ್ತಿದರೆ ಅರಸೀಕೆರೆ ದಾಟಿ ಕಡೂರು. ವೇದಾ ಕೃಷ್ಣಮೂರ್ತಿ ಆ ಕಡೂರಿನವರು. 2017ರ ಜುಲೈ 23ರಂದು ಲಂಡನ್ನಿನ ಲಾರ್ಡ್ಸ್ ಮೈದಾನದ ವಿಶ್ವಕಪ್ ಫೈನಲ್‌ನಲ್ಲಿ ಆಡಿ 35 ರನ್ ಮಾಡಿದರು. ಭಾರತ ಅಂದು ಕೇವಲ 9 ರನ್‌ಗಳಿಂದ ಸೋತಿತು. ವಿಜಯಪುರದ ರಾಜೇಶ್ವರಿ ಗಾಯಕವಾಡ್ ಕೂಡ ಆ ತಂಡದಲ್ಲಿದ್ದರು. ಅಂದು ಸೋತವರ ಬೆವರು 2025ರ ಗೆಲುವಿನಲ್ಲಿ ಸೇರಿಲ್ಲವೆಂದು ಯಾರು ಹೇಳುತ್ತಾರೆ?

ಖೋ ಖೋ ಆಡುವ ನಮ್ಮ ಹುಡುಗಿ ಅಂದು ರಾತ್ರಿ ಕೇಳಿದಳು: "ನಮ್ಮ ಆಟಕ್ಕೂ ವಿಶ್ವಕಪ್ ಐತಾ ಅತ್ತೆ?" ಇದೆ. ಖೋ ಖೋದ ಮೊಟ್ಟಮೊದಲ ವಿಶ್ವಕಪ್ 2025ರ ಜನವರಿಯಲ್ಲಿ ದೆಹಲಿಯಲ್ಲಿ ನಡೆಯಿತು. ಜನವರಿ 19ರ ಫೈನಲ್‌ನಲ್ಲಿ ಭಾರತದ ಹೆಣ್ಣುಮಕ್ಕಳು ನೇಪಾಳವನ್ನು 78–40ರಿಂದ ಸೋಲಿಸಿದರು. ಆ ತಂಡದಲ್ಲಿ ಮೈಸೂರು ಜಿಲ್ಲೆ ತಿ. ನರಸೀಪುರ ತಾಲ್ಲೂಕಿನ ಕುರುಬೂರಿನ ಚೈತ್ರಾ ಇದ್ದರು. ರಾಜ್ಯ ಸರ್ಕಾರ 5 ಲಕ್ಷ ರೂಪಾಯಿ ಬಹುಮಾನ ಘೋಷಿಸಿದಾಗ ಚೈತ್ರಾ ಅವರೂ ಪುರುಷರ ತಂಡದಲ್ಲಿದ್ದ ಗೌತಮ್ ಅವರೂ ಅದು ಸಾಲದೆಂದು ನಿರಾಕರಿಸಿದರು. ಪಕ್ಕದ ಮಹಾರಾಷ್ಟ್ರ ತನ್ನ ಆಟಗಾರರಿಗೆ ತಲಾ 2 ಕೋಟಿ 25 ಲಕ್ಷ ಘೋಷಿಸಿತ್ತು. ಕೊಟ್ಟದ್ದನ್ನು ಕಣ್ಣಿಗೊತ್ತಿಕೊಂಡು ತೆಗೆದುಕೊಳ್ಳದೆ ನನ್ನ ಶ್ರಮದ ಬೆಲೆ ಇಷ್ಟಲ್ಲ ಎಂದು ಒಬ್ಬ ಹಳ್ಳಿ ಹುಡುಗಿ ಸರ್ಕಾರಕ್ಕೆ ಹೇಳಿದ್ದೂ ಒಂದು ಆಟವೇ, ಗೆದ್ದ ಆಟ.

ಕ್ರಿಕೆಟ್ ಫೈನಲ್ ಆಗಿ ಮೂರೇ ವಾರ. ನವೆಂಬರ್ 23ರಂದು ಕೊಲಂಬೊದಲ್ಲಿ ಅಂಧ ಮಹಿಳೆಯರ ಮೊದಲ ಟಿ20 ವಿಶ್ವಕಪ್ಪನ್ನು ಭಾರತ ನೇಪಾಳದ ವಿರುದ್ಧ 7 ವಿಕೆಟ್‌ಗಳಿಂದ ಗೆದ್ದಿತು. ಅದರ ನಾಯಕಿ ಟಿ.ಸಿ. ದೀಪಿಕಾ. ಶಿರಾದ ಆಚೆ, ಆಂಧ್ರದ ಮಡಕಶಿರಾ ಸೀಮೆಯ ಗಡಿಹಳ್ಳಿಯ ಕೂಲಿಕಾರರ ಮಗಳು, ಓದಿದ್ದು ಕರ್ನಾಟಕದ ಅಂಧಮಕ್ಕಳ ಶಾಲೆಗಳಲ್ಲಿ. ಹಸುಗೂಸಾಗಿದ್ದಾಗಲೇ ದೃಷ್ಟಿಗೆ ಪೆಟ್ಟಾಯಿತು. ಗಿಲಕಿಯಂತೆ ಸದ್ದು ಮಾಡುವ ಚೆಂಡು, ಆ ಸದ್ದು ಕೇಳಿ ಹೊಡೆಯುವ ಆಟ. ಗೆದ್ದು ಬಂದ ಮೇಲೆ ಆಂಧ್ರದ ಉಪಮುಖ್ಯಮಂತ್ರಿ ಪವನ್ ಕಲ್ಯಾಣ್ ಅವರನ್ನು ಭೇಟಿಯಾದಾಗ ಅವರು ಕೇಳಿದ್ದು ತಮ್ಮೂರಿಗೊಂದು ರಸ್ತೆ. ಕಪ್ಪು ಗೆದ್ದವಳು ಕೇಳಿದ್ದರಿಂದ ಊರಿಗೆ ರಸ್ತೆ ಮಂಜೂರಾಯಿತು.

ಈಗ ಮಾಯಸಂದ್ರದ ಮನೆಗೆ ಮರಳುತ್ತೇನೆ. ಮಾರನೆಯ ಬೆಳಗ್ಗೆ ಅತ್ತಿಗೆ ಅಂಗಳ ಗುಡಿಸುತ್ತಾ ಮಾತು ತೆಗೆದಳು. ಮಗಳು ದೊಡ್ಡವಳಾಗಿ ನಾಲ್ಕು ತಿಂಗಳಾಯಿತು. ಇನ್ನು ಸಂಜೆ ಆಟದ ಅಭ್ಯಾಸಕ್ಕೆ ಕಳಿಸುವುದು ಬೇಡವೆಂದು ಅಣ್ಣನೂ ಅವಳೂ ಮಾತಾಡಿಕೊಂಡಿದ್ದರಂತೆ. "ಬಿಸಿಲಲ್ಲಿ ಓಡಿ ಓಡಿ ಕರ್ರಗಾಗವ್ಳೆ ಕಣಕ್ಕ. ನಾಳೆ ನೋಡೋಕೆ ಬಂದೋರು ಬಣ್ಣಕ್ಕೇ ಇನ್ನೊಂದು ಲಕ್ಷ ಜಾಸ್ತಿ ಕೇಳ್ತಾರೆ." ಅತ್ತಿಗೆಯನ್ನು ಬೈಯುವುದು ಸುಲಭ. ಅವಳ ಬಣ್ಣಕ್ಕೂ ಹೀಗೇ ಬೆಲೆ ಕಟ್ಟಿ ಅವಳಪ್ಪ ತೋಟದ ಒಂದು ಭಾಗ ಮಾರಿದ್ದನ್ನು ನಾನು ಬಲ್ಲೆ. ಬಿಸಿಲು ಕಂಡರೆ ಹೆದರುವುದನ್ನು ಅವಳಿಗೆ ಕಲಿಸಿದ್ದು ಆ ಲೆಕ್ಕಾಚಾರ.

2025ರಲ್ಲಿ ಉಂಡೆ ಕೊಬ್ಬರಿಗೆ ಕೇಂದ್ರ ಸರ್ಕಾರದ ಬೆಂಬಲ ಬೆಲೆ ಕ್ವಿಂಟಾಲಿಗೆ 12,100 ರೂಪಾಯಿ. ತಿಪಟೂರು ಮಾರುಕಟ್ಟೆಯಲ್ಲಿ ಬೆಲೆ ಅದರ ಎರಡು ಪಟ್ಟನ್ನೂ ದಾಟಿತು. ಅಟ್ಟದ ಮೇಲೆ ಕಾಯಿ ಇದ್ದವರ ಮುಖ ಅರಳಿತು. ಕೊಬ್ಬರಿ ಬೆಲೆ ಏರಿದ ವರ್ಷ ಗಂಡಿನ ಬೆಲೆಯೂ ಏರುತ್ತದೆ ಎಂದು ನಮ್ಮ ಸಂಘದ ಹೆಂಗಸರು ನಗುತ್ತಾ ಹೇಳುವುದುಂಟು. ನಮ್ಮಣ್ಣನೂ ಕೊಬ್ಬರಿ ಮಾರಿದ ಹಣವನ್ನು ಮಗಳ ಮದುವೆಗೆಂದೇ ಇಟ್ಟಿದ್ದಾನೆ. ಆದರೆ ಅವಳ ಕಾಲಿಗೊಂದು ಶೂ ಇರಲಿಲ್ಲ. ಹುಡುಗಿ ಬರಿಗಾಲಲ್ಲಿ ಆಡುತ್ತಿದ್ದಳು.

ಅದನ್ನೇ ನಾನು ಕೇಳಿದೆ. "ನಿನ್ನೆ ಶೆಫಾಲಿಗೆ 'ನೂರು ಹೊಡೀಬೇಕಿತ್ತು ಮಗು' ಅಂದೆಯಲ್ಲಣ್ಣ, ಅವಳಪ್ಪನೂ ಕಪ್ಪಾಗ್ತಾಳೆ ಅಂತ ಒಳಗೆ ಕೂರಿಸಿದ್ದರೆ?" ಅಣ್ಣ ಉತ್ತರ ಕೊಡಲಿಲ್ಲ. ಉತ್ತರ ಕೊಟ್ಟದ್ದು ಅಮ್ಮ. "ಸಂಘದಲ್ಲಿ ನನ್ನ ಉಳಿತಾಯದ ದುಡ್ಡೈತೆ. ಶೂ ನಾನು ಕೊಡಿಸ್ತೀನಿ. ಸಂಜೆ ನಾನೇ ಹೋಗಿ ಮೈದಾನದ ಹತ್ರ ಕೂತ್ಕೊಂಡು ಕರ್ಕೊಂಡು ಬತ್ತೀನಿ. ಇನ್ನೇನು ತೊಂದ್ರೆ?" ಅಣ್ಣ "ನೋಡಾನ" ಎಂದು ತೋಟಕ್ಕೆ ಹೋದ. ಸಂಜೆ ಹುಡುಗಿ ಆಟಕ್ಕೆ ಹೋದಳು. ಅವನು ಬೇಡವೆನ್ನಲಿಲ್ಲ. ಹತ್ತನೇ ತರಗತಿ ಮುಗಿದ ಮೇಲೆ ಏನು ಎಂಬುದು ಇನ್ನೂ ಇತ್ಯರ್ಥವಾಗಿಲ್ಲ. ಒಂದು ಪಂದ್ಯದಿಂದ ಮನೆ ಬದಲಾಯಿತೆಂದು ನಾನು ಹೇಳಲಾರೆ. ಒಂದು ಸಂಜೆ ಗೆದ್ದಿದ್ದೇವೆ, ಅಷ್ಟೆ.

ಟೀವಿಯ ಸಂಭ್ರಮಕ್ಕೆ ಇನ್ನೊಂದು ಮುಖವೂ ಇದೆ. ಇಂಗ್ಲೆಂಡಿನ ಲ್ಯಾಂಕಾಶೈರ್ ಪೊಲೀಸರ ದಾಖಲೆಗಳನ್ನು ಅಲ್ಲಿಯ ವಿಶ್ವವಿದ್ಯಾಲಯದವರು ಪರಿಶೀಲಿಸಿದ್ದಾರೆ. 2002, 2006, 2010ರ ಫುಟ್‌ಬಾಲ್ ವಿಶ್ವಕಪ್‌ಗಳಲ್ಲಿ ತಮ್ಮ ತಂಡ ಸೋತ ದಿನ ಮನೆಯೊಳಗಿನ ಹೊಡೆತದ ದೂರುಗಳು ಶೇಕಡ 38ರಷ್ಟು ಹೆಚ್ಚಿದವು. ಗೆದ್ದ ಅಥವಾ ಸಮವಾದ ದಿನವೂ ಶೇಕಡ 26ರಷ್ಟು ಹೆಚ್ಚಿದವು. ಸೋತರೆ ಸಿಟ್ಟಿನ ಕುಡಿತ, ಗೆದ್ದರೆ ಖುಷಿಯ ಕುಡಿತ, ಎರಡಕ್ಕೂ ಬೆನ್ನು ಹೆಂಡತಿಯದು. ನಮ್ಮಲ್ಲಿ ಬೆಟ್ಟಿಂಗಿನ ಸಾಲವೂ ಅದಕ್ಕೆ ಸೇರುತ್ತದೆ. ಪಂದ್ಯದ ರಾತ್ರಿ ಪಕ್ಕದ ಮನೆಯಿಂದ ಕೂಗು ಕೇಳಿದರೆ ಅದು ಆಟದ ಕೂಗೋ, ಅಳುವೋ ಎಂದು ಕಿವಿಗೊಟ್ಟು ಕೇಳಿ. ಇಬ್ಬರು ಮೂವರು ಸೇರಿ ಬಾಗಿಲು ತಟ್ಟಿ. ಮಹಿಳಾ ಸಹಾಯವಾಣಿ 181, ಪೊಲೀಸರಿಗೆ 112. 2005ರ ಕೌಟುಂಬಿಕ ದೌರ್ಜನ್ಯ ತಡೆ ಕಾಯ್ದೆ ಹೆಂಡತಿಗೆ ಮಾತ್ರವಲ್ಲ, ಮನೆಯ ಎಲ್ಲ ಹೆಣ್ಣಿಗೂ ಇದೆ.

ಕೊನೆಗೆ, ಸಂಘದ ಸಂಗಾತಿಗಳಲ್ಲಿ ನನ್ನ ಕೋರಿಕೆ ಇಷ್ಟು. ಮುಂದಿನ ವಾರದ ಸಭೆಯಲ್ಲಿ ಉಳಿತಾಯ, ಸಾಲದ ಲೆಕ್ಕ ಮುಗಿದ ಮೇಲೆ ಹತ್ತು ನಿಮಿಷ ತೆಗೆದಿಡಿ. ನಿಮ್ಮೂರ ಶಾಲೆಯ ಮೈದಾನದಲ್ಲಿ ಸಂಜೆ ಆಡುವವರು ಯಾರು, ಹುಡುಗಿಯರು ಎಷ್ಟನೇ ತರಗತಿಗೆ ಆಟ ಬಿಡುತ್ತಾರೆ, ಅಲ್ಲಿ ಶೌಚಾಲಯ ಇದೆಯೇ, ಕತ್ತಲಾದ ಮೇಲೆ ಮನೆಗೆ ಬರುವ ದಾರಿಯಲ್ಲಿ ಬೆಳಕಿದೆಯೇ ಎಂದು ಕೇಳಿಕೊಳ್ಳಿ. ಇಲ್ಲದ್ದನ್ನು ಬರೆದುಕೊಂಡು ಗ್ರಾಮಸಭೆಗೆ ಹೋಗಿ. ದೀಪಿಕಾ ಕಪ್ಪು ಗೆದ್ದ ಮೇಲೆ ರಸ್ತೆ ಕೇಳಿದರು. ನಾವು ಅದಕ್ಕೂ ಮೊದಲೇ ಕೇಳೋಣ. ಸಂಘದ ವಾರ್ಷಿಕೋತ್ಸವದಲ್ಲಿ ನಿಂಬೆಹಣ್ಣು ಚಮಚ, ಕುರ್ಚಿ ಆಟದ ಜೊತೆಗೆ ಈ ವರ್ಷ ಒಂದು ಖೋ ಖೋ ಆಡಿ. ಸೀರೆ ಎತ್ತಿ ಕಟ್ಟಿ ಗದ್ದೆಯಲ್ಲಿ ನಾಟಿ ಹಾಕಿದ ಕಾಲುಗಳಿಗೆ ಓಡುವುದು ಹೊಸದಲ್ಲ.

ಮತ್ತೊಮ್ಮೆ ಪಂದ್ಯ ಬಂದಾಗ ಅಡುಗೆಮನೆಯಿಂದ ಎದ್ದು ಬಂದು ನಡುಮನೆಯಲ್ಲಿ ಕೂತುಕೊಳ್ಳಿ. ಮಗಳನ್ನು ಪಕ್ಕದಲ್ಲಿ ಕೂರಿಸಿಕೊಳ್ಳಿ. ಟೀ ಬೇಕಾದವರು ಕಾಯಿಸಿಕೊಂಡು ಬರಲಿ. ಸಕ್ಕರೆ ಸ್ವಲ್ಪ ಜಾಸ್ತಿಯಾದರೂ ಪರವಾಗಿಲ್ಲ, ಕುಡಿಯೋಣ.